ಒಲ್ಲೆ ಎನ್ನಬಹುದಾಗಿದ್ದವರು

1967ರಲ್ಲಿ ಇಂಗ್ಲೆಂಡಿನ ರಕ್ತದಾನಿಗಳ ಕೈಗೆ ಒಂದು ಪ್ರಶ್ನಾವಳಿ ಬಂತು. ವಯಸ್ಸೆಷ್ಟು, ಕಸುಬೇನು, ಮದುವೆಯಾಗಿದೆಯೇ, ವರಮಾನವೆಷ್ಟು ಎಂಬ ಮಾಮೂಲು ಪ್ರಶ್ನೆಗಳ ನಡುವೆ ಒಂದು ಪ್ರಶ್ನೆ ಬೇರೆಯಾಗಿಯೇ ಕಾಣುತ್ತಿತ್ತು: ಮೊದಲ ಸಲ ರಕ್ತ ಕೊಡಬೇಕೆಂದು ನಿಮಗೆ ಅನಿಸಿದ್ದೇಕೆ? ಅದಕ್ಕೆ ಅವರವರ ಮಾತಿನಲ್ಲೇ ಉತ್ತರ ಬರೆಯಬೇಕಿತ್ತು. ಸುಮಾರು 3,800 ಮಂದಿ ಉತ್ತರ ಕೊಟ್ಟರು. ಗಿರಣಿಯವರು, ಗುಮಾಸ್ತರು, ಗೃಹಿಣಿಯರು, ಸಾರಿಗೆ ನೌಕರರು, ಎಲ್ಲ ಬಗೆಯ ಜನ ಅದರಲ್ಲಿದ್ದರು. ಒಬ್ಬ ಹೆಣ್ಣುಮಗಳು ಯಂತ್ರದ ಮುಂದೆ ನಿಂತು ದುಡಿಯುವವಳು. ಅವಳ ಬರಹದಲ್ಲಿ ಕಾಗುಣಿತದ ತಪ್ಪುಗಳು ಹೆಜ್ಜೆಗೊಂದು. ಅವಳು ಬರೆದದ್ದರ ಸಾರ ಇಷ್ಟು: ರಕ್ತವೇನು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಹಾಸಿಗೆ ಹಿಡಿದವರು ಎದ್ದು ಬಂದು ಕೇಳಲಾರರು, ಹಾಗಾಗಿ ನಾವೇ ಹೋಗಬೇಕು.

ಈ ಉತ್ತರಗಳನ್ನು ಕಾಗುಣಿತ ತಿದ್ದದೆ, ಇದ್ದುದು ಇದ್ದ ಹಾಗೆ ಪುಸ್ತಕದೊಳಗೆ ಇಟ್ಟವರು ರಿಚರ್ಡ್ ಟಿಟ್ಮಸ್. ಪುಸ್ತಕದ ಹೆಸರು ‘ದಿ ಗಿಫ್ಟ್ ರಿಲೇಶನ್‌ಶಿಪ್’, ಪ್ರಕಟವಾದದ್ದು 1970ರಲ್ಲಿ. ಕೋಷ್ಟಕಗಳು ತುಂಬಿದ ಸಮಾಜನೀತಿಯ ಗ್ರಂಥ ಅದು. ಅದರಲ್ಲಿ ಹೆಪಟೈಟಿಸ್‌ನ ಲೆಕ್ಕಾಚಾರವಿದೆ, ರಕ್ತನಿಧಿಗಳ ಆಡಳಿತದ ವಿವರವಿದೆ, ಪುರಾತನ ಸಮಾಜಗಳಲ್ಲಿ ಉಡುಗೊರೆ ಹೇಗೆ ಕೈಯಿಂದ ಕೈಗೆ ಸಾಗುತ್ತಿತ್ತು ಎಂದು ಫ್ರಾನ್ಸಿನ ಮಾರ್ಸೆಲ್ ಮೋಸ್ ಬರೆದದ್ದರ ಚರ್ಚೆಯಿದೆ. ಆದರೂ ನಾನು ಆ ಪುಸ್ತಕವನ್ನು ಮತ್ತೆ ಮತ್ತೆ ತೆರೆಯುವುದು ಆ ಉತ್ತರಗಳ ಅಧ್ಯಾಯಕ್ಕಾಗಿ. ದೊಡ್ಡ ಮಾತು ಆಡಲು ನಾಚುವ ಜನರ ಬರಹ ಅದು. ಯುದ್ಧಕಾಲದಲ್ಲಿ ಶುರು ಮಾಡಿದೆ, ಆಮೇಲೆ ನಿಲ್ಲಿಸಲಿಲ್ಲ ಎನ್ನುವವರಿದ್ದಾರೆ. ಯಾರದೋ ರಕ್ತದಿಂದ ನಮ್ಮ ಮನೆಯವರು ಬದುಕಿದರು ಎನ್ನುವವರಿದ್ದಾರೆ. ದೇವರು ಆರೋಗ್ಯ ಕೊಟ್ಟಿದ್ದಾನೆ, ಅದಕ್ಕೆ ಎನ್ನುವವರಿದ್ದಾರೆ. ಕರೆ ಬಂತು, ಹೋದೆ ಎಂದಷ್ಟೇ ಬರೆದು ಮುಗಿಸಿದವರೂ ಇದ್ದಾರೆ. ಪರರ ಹಿತಕ್ಕಾಗಿ ಎಂದು ನೇರವಾಗಿ ಹೇಳಿದವರು ಕಾಲುಭಾಗದಷ್ಟು. ಉಳಿದವರು ತಮ್ಮ ಒಳ್ಳೆಯತನಕ್ಕೆ ಏನಾದರೊಂದು ನೆಪ ಹುಡುಕುತ್ತಾರೆ. ಕೆಟ್ಟದ್ದು ಮಾಡಿ ನೆಪ ಹೇಳುವವರನ್ನು ನಾವು ದಿನಾ ನೋಡುತ್ತೇವೆ. ಒಳ್ಳೆಯದು ಮಾಡಿಯೂ ನೆಪ ಹೇಳುವವರು ಸಾಲುಸಾಲಾಗಿ ಸಿಗುವುದು ಇಲ್ಲೇ.

ಟಿಟ್ಮಸ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು, ಆದರೆ ಅವರಿಗೆ ಯಾವ ಪದವಿಯೂ ಇರಲಿಲ್ಲ. 1907ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿ, ಓದು ಬೇಗನೆ ನಿಂತು, ವಿಮಾ ಕಂಪನಿಯೊಂದರಲ್ಲಿ ಹದಿನಾರು ವರ್ಷ ಗುಮಾಸ್ತಿಕೆ ಮಾಡಿದವರು. ಯಾರು ಯಾವ ವಯಸ್ಸಿನಲ್ಲಿ ಸಾಯುತ್ತಾರೆ, ಬಡವರ ಮಕ್ಕಳು ಎಷ್ಟು ಬೇಗ ಸಾಯುತ್ತಾರೆ ಎಂಬ ಅಂಕಿಗಳ ಹಿಂದೆ ಕಣ್ಣಿಟ್ಟು ಕೂತು ಕೂತು ವಿದ್ವಾಂಸರಾದರು. ಅಂಥವರಿಗೇ ಇಂಥ ಪ್ರಶ್ನೆ ಹೊಳೆಯಬೇಕು ಎಂದು ನನಗೆ ಅನಿಸುತ್ತದೆ. ಗ್ರಂಥಾಲಯದಲ್ಲೇ ಬೆಳೆದವರಾಗಿದ್ದರೆ ‘ಸ್ವಯಂಪ್ರೇರಣೆ ಎಂದರೇನು’ ಎಂದು ಕೇಳುತ್ತಿದ್ದರು. ಇವರು ‘ನೀವೇಕೆ ಹೋದಿರಿ’ ಎಂದು ಕೇಳಿದರು.

ಅವರು ಅಧ್ಯಯನ ಮಾಡಿದ ವ್ಯವಸ್ಥೆಯ ಹುಟ್ಟೂ ಸೊಗಸಾದದ್ದು. 1921ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ರೆಡ್‌ಕ್ರಾಸ್ ಶಾಖೆಯ ಗೌರವ ಕಾರ್ಯದರ್ಶಿ ಪರ್ಸಿ ಲೇನ್ ಆಲಿವರ್ ಎಂಬವರಿಗೆ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ಫೋನ್ ಬಂತು: ತುರ್ತಾಗಿ ರಕ್ತ ಬೇಕು, ಯಾರಾದರೂ ಬರುತ್ತೀರಾ? ಆಲಿವರ್ ಒಂದಷ್ಟು ಜನರನ್ನು ಕರೆದುಕೊಂಡು ಹೊರಟರು. ಅವರಲ್ಲಿ ಲಿನ್‌ಸ್ಟೆಡ್ ಎಂಬ ದಾದಿಯ ರಕ್ತ ಹೊಂದಿಕೆಯಾಯಿತು. ಇನ್ನೊಮ್ಮೆ ಫೋನ್ ಬಂದರೆ ಇರಲಿ ಎಂದು ಆಲಿವರ್ ಮತ್ತು ಅವರ ಹೆಂಡತಿ ಎಥೆಲ್ ಒಪ್ಪಿದವರ ಹೆಸರು ಬರೆದಿಟ್ಟರು. ಮನೆಯ ಫೋನೇ ಕಚೇರಿ. ಹಗಲು ರಾತ್ರಿ ಕರೆ ಬರುತ್ತಿತ್ತು. ಹೆಸರು ಕೊಟ್ಟವರು ನಿದ್ದೆಯಿಂದೆದ್ದು ಹೋಗುತ್ತಿದ್ದರು. ಕೊಟ್ಟವರಿಗೆ ದುಡ್ಡಿಲ್ಲ. ಸಂಘಟಿತ ಸ್ವಯಂಪ್ರೇರಿತ ರಕ್ತದಾನ ಬೆಳೆದು ನಿಂತದ್ದು ಆ ಮನೆಯ ಪಟ್ಟಿಯ ಮೇಲೆ.

ಇನ್ನು ಟಿಟ್ಮಸ್ ಮಾಡಿದ ವಿಂಗಡಣೆ. ಸಂಶೋಧನೆಯಲ್ಲಿ ವಿಂಗಡಣೆ ಎಂದರೆ ಸಾಮಾನ್ಯವಾಗಿ ಒಣಗಿದ ಕೆಲಸ. ಇಲ್ಲಿ ಅದಕ್ಕೆ ರಾಗದ ಆರೋಹಣದ ರುಚಿಯಿದೆ. ರಕ್ತ ಕೊಡುವವರನ್ನು ಅವರು ಎಂಟು ಬಗೆಯಾಗಿ ಜೋಡಿಸುತ್ತಾರೆ. ಕೆಳಗಿನ ಸ್ವರದಲ್ಲಿ ದುಡ್ಡಿಗಾಗಿ ಮಾರುವವನು ಮತ್ತು ಅದನ್ನೇ ಕಸುಬು ಮಾಡಿಕೊಂಡವನು ಇದ್ದಾರೆ. ಮೇಲಿನ ಸ್ವರದಲ್ಲಿ ಏನನ್ನೂ ಪಡೆಯದೆ, ಯಾರಿಗೆಂದು ತಿಳಿಯದೆ ಕೊಡುವವನಿದ್ದಾನೆ. ಸೊಗಸಿರುವುದು ನಡುವಿನ ಸೂಕ್ಷ್ಮ ಶ್ರುತಿಗಳಲ್ಲಿ. ಒಬ್ಬ ದುಡ್ಡು ಪಡೆದರೂ ದುಡ್ಡಿಗಾಗಿ ಬಂದದ್ದಲ್ಲ ಎನ್ನುತ್ತಾನೆ. ಇನ್ನೊಬ್ಬ ಆಸ್ಪತ್ರೆಯಲ್ಲಿ ತಾನು ಪಡೆದ ರಕ್ತದ ಬಿಲ್ಲನ್ನು ರಕ್ತದಿಂದಲೇ ತೀರಿಸುತ್ತಾನೆ. ಮತ್ತೊಬ್ಬ ಮುಂದೆ ತನ್ನ ಮನೆಯವರಿಗೆ ಬೇಕಾದೀತು ಎಂದು ವರ್ಷಕ್ಕೊಮ್ಮೆ ಕೊಟ್ಟು ಖಾತೆಗೆ ಜಮಾ ಮಾಡಿಸಿಕೊಳ್ಳುತ್ತಾನೆ. ರಜೆಯೋ ಇನ್ನೇನೋ ಸವಲತ್ತು ಸಿಗುತ್ತದೆಂದು ಬರುವವನು ಬೇರೆ. ಇವರೆಲ್ಲರ ನಡುವೆ ಒಬ್ಬನಿಗೆ ಟಿಟ್ಮಸ್ ಕೊಟ್ಟ ಹೆಸರು ‘ಸೆರೆಯಲ್ಲಿರುವ ಸ್ವಯಂದಾನಿ’: ಸೈನಿಕ, ಕೈದಿ. ಅಮೆರಿಕದ ಕೆಲವು ಜೈಲುಗಳಲ್ಲಿ ರಕ್ತ ಕೊಟ್ಟರೆ ಶಿಕ್ಷೆಯ ದಿನಗಳು ಕಡಿಮೆಯಾಗುತ್ತಿದ್ದವು. ಕೈದಿ ಅರ್ಜಿಗೆ ತಾನೇ ಸಹಿ ಹಾಕುತ್ತಾನೆ, ತಾನೇ ತೋಳು ಚಾಚುತ್ತಾನೆ. ಯಾರೂ ಎಳೆದು ತಂದಿಲ್ಲ. ಆದರೂ ಆ ತೋಳಿನ ಹಿಂದೆ ಒಂದು ಗೋಡೆ ಇದೆ.

ಇಷ್ಟೆಲ್ಲ ಜೋಡಿಸಿದ ಮೇಲೆ, ತಮಗೆ ಪ್ರಿಯನಾದ ಎಂಟನೆಯವನ ಬಗ್ಗೆಯೂ ಟಿಟ್ಮಸ್ ಅತಿ ಮಾತು ಆಡುವುದಿಲ್ಲ. ಪೂರ್ತಿ ನಿಸ್ವಾರ್ಥಿ ಯಾರೂ ಇಲ್ಲ. ಏನೋ ಒಂದು ಹೊಣೆಯ ಭಾವ, ನಾಲ್ಕು ಜನ ಮೆಚ್ಚುತ್ತಾರೆಂಬ ಭಾವ ಎಲ್ಲರಲ್ಲೂ ಇದ್ದೇ ಇರುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಈ ಪ್ರಾಮಾಣಿಕತೆಯೇ ಪುಸ್ತಕದ ಸತ್ವ. ಹಾಗಾದರೆ ಎಂಟನೆಯವನು ಬೇರೆಯಾಗುವುದು ಎಲ್ಲಿ? ಕೊಡದೆ ಹೋದರೆ ಅವನಿಗೆ ದಂಡವಿಲ್ಲ. ಪಡೆದವರಿಗೆ ಅವನ ಋಣವಿಲ್ಲ. ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲ. ರಕ್ತನಿಧಿಯ ವ್ಯಾನಿನ ಮುಂದೆಯೇ ಹಾದುಹೋದರೂ ಅವನನ್ನು ಕೇಳುವವರಿಲ್ಲ. ಒಲ್ಲೆ ಎನ್ನುವ ದಾರಿ ಎದುರಿಗೇ ತೆರೆದಿದೆ. ಅದನ್ನು ಬಿಟ್ಟು ಅವನು ಒಳಗೆ ಬರುತ್ತಾನೆ. ಒಬ್ಬನ ಮನಸ್ಸಿನೊಳಗೆ ಇಳಿದು ಇಚ್ಛೆಯ ತೂಕ ಹಾಕುವುದು ಯಾರಿಗೂ ಸಾಧ್ಯವಿಲ್ಲ. ಅವನಿಗೆ ‘ಬೇಡ’ ಎನ್ನಲು ಎಷ್ಟು ಜಾಗವಿತ್ತು ಎಂದು ಅಳೆಯಬಹುದು. ಆ ಅಳತೆ ಕೈಗೆ ಸಿಕ್ಕಿದ್ದು ನನಗೆ ಈ ಪುಸ್ತಕದಿಂದ. ಸಿಕ್ಕ ಮೇಲೆ ಬೇರೆ ಕಾಲ, ಬೇರೆ ದೇಶದ ಸಂಗತಿಗಳೂ ಹೊಸ ಬೆಳಕಿನಲ್ಲಿ ಕಾಣತೊಡಗಿದವು.

ಇತ್ತೀಚಿನ ವರ್ಷಗಳಲ್ಲಿ ಇದೇ ವಿಷಯವನ್ನು ಹಲವು ಶಾಸ್ತ್ರಗಳವರು ಒಟ್ಟಿಗೆ ಕೂತು ನೋಡುತ್ತಿದ್ದಾರೆ. ಜರ್ಮನಿಯ ಎರ್ಫರ್ಟ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಯೂರ್ಗೆನ್ ಮಾರ್ಟ್‌ಶುಕಾಟ್ ಅವರ ಮುಂದಾಳತ್ವದ ಒಂದು ಸಂಶೋಧನಾ ಬಳಗಕ್ಕೆ ಇದೇ ಕೆಲಸ: ಜನ ‘ತಾವಾಗಿಯೇ’ ಮಾಡುವುದು ಎಂದರೆ ಬೇರೆ ಬೇರೆ ಕಾಲದಲ್ಲಿ ಏನಾಗಿತ್ತು, ಅಧಿಕಾರಕ್ಕೂ ಅದಕ್ಕೂ ನಂಟೇನು. ಇತಿಹಾಸ, ಧರ್ಮಶಾಸ್ತ್ರ, ಸಮಾಜಶಾಸ್ತ್ರ, ತತ್ವಶಾಸ್ತ್ರ ಎಲ್ಲವೂ ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತವೆ. ಸ್ವಇಚ್ಛೆ, ಬಲವಂತ ಎಂದು ಲೋಕವನ್ನು ಎರಡು ಪಾಲು ಮಾಡಿ ಕೈ ತೊಳೆದುಕೊಳ್ಳುವುದು ಸುಲಭ. ಅಷ್ಟಕ್ಕೆ ನಿಲ್ಲದೆ ಎರಡರ ನಡುವಿನ ಗದ್ದೆಗೆ ಇಳಿಯುವ ಈ ಬಗೆಯ ವಿದ್ವತ್ತು ನನಗೆ ಬಹಳ ಹಿಡಿಸುತ್ತದೆ.

ಆ ಗದ್ದೆಯಲ್ಲಿ ಸಿಗುವ ಹಳೆಯ ಕಥೆಗಳಲ್ಲಿ ಕ್ವಿಂಟಸನದು ಒಂದು. ಎರಡನೆಯ ಶತಮಾನ, ಈಗಿನ ತುರ್ಕಿಯ ಸ್ಮಿರ್ನಾ ನಗರ. ರೋಮನ್ ಅಧಿಕಾರಿಗಳು ಕ್ರೈಸ್ತರನ್ನು ಹಿಡಿದು ಮೃಗಗಳ ಎದುರು ನಿಲ್ಲಿಸುತ್ತಿದ್ದ ಕಾಲ. ಫ್ರಿಜಿಯಾದಿಂದ ಬಂದ ಕ್ವಿಂಟಸ್ ಯಾರೂ ಹಿಡಿಯುವ ಮುಂಚೆಯೇ ತಾನಾಗಿ ಮುಂದೆ ಬಂದ, ಇನ್ನು ಕೆಲವರನ್ನೂ ಹುರಿದುಂಬಿಸಿ ಕರೆತಂದ. ಮೃಗಗಳನ್ನು ಕಣ್ಣಾರೆ ಕಂಡದ್ದೇ ಎದೆಗುಂದಿ ರೋಮಿನ ದೇವರಿಗೆ ಧೂಪ ಹಾಕಿದ. ಅದೇ ಊರಿನ ಮುದಿ ಬಿಷಪ್ ಪಾಲಿಕಾರ್ಪ್ ಮೊದಲು ಊರಾಚೆ ಅಡಗಿದರು. ಹುಡುಕಿಕೊಂಡು ಬಂದಾಗ ಓಡಲಿಲ್ಲ. ಬಂದವರಿಗೆ ಊಟ ಹಾಕಿಸಿ, ಪ್ರಾರ್ಥನೆಗೆ ಸ್ವಲ್ಪ ಹೊತ್ತು ಕೇಳಿ, ಅವರ ಜೊತೆ ಹೋದರು. ಈ ಕಥೆಯನ್ನು ಬರೆದಿಟ್ಟ ಸ್ಮಿರ್ನಾದ ಕ್ರೈಸ್ತರು ಸಂಕೋಚವಿಲ್ಲದೆ ತೀರ್ಪು ಕೊಡುತ್ತಾರೆ: ತಾವಾಗಿ ಹೋಗಿ ಸಿಕ್ಕಿಬೀಳುವವರನ್ನು ನಾವು ಹೊಗಳುವುದಿಲ್ಲ. ಸ್ವಇಚ್ಛೆಯ ಬಗ್ಗೆ ಇಷ್ಟು ಹಳೆಯ, ಇಷ್ಟು ಪಕ್ವವಾದ ಎಚ್ಚರ! ಮುನ್ನುಗ್ಗುವುದರಲ್ಲಿ ಇಚ್ಛೆ ಹೆಚ್ಚು, ಕಾಯುವುದರಲ್ಲಿ ಕಡಿಮೆ ಎಂಬ ನಮ್ಮ ಎಣಿಕೆಯನ್ನು ಆ ಪುಟ್ಟ ಸಮುದಾಯ ತಲೆಕೆಳಗು ಮಾಡಿತು. ತಪ್ಪಿಸಿಕೊಳ್ಳಲು ನೋಡಿದವನ ಒಪ್ಪಿಗೆಯನ್ನೇ ಅವರು ಗಟ್ಟಿ ಎಂದು ಎಣಿಸಿದರು.

ಇನ್ನೊಂದು ಸಂಗತಿ ಅಮೆರಿಕದ್ದು. ಅದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 1816ರ ಡಿಸೆಂಬರಿನಲ್ಲಿ ಅಲ್ಲಿನ ದೊಡ್ಡ ಮನುಷ್ಯರು ಸೇರಿ ಅಮೆರಿಕನ್ ಕಾಲೊನೈಸೇಶನ್ ಸೊಸೈಟಿ ಕಟ್ಟಿದರು. ಸ್ವತಂತ್ರ ಕರಿಯರನ್ನು ಆಫ್ರಿಕಕ್ಕೆ ಕಳಿಸಿ ನೆಲೆಗೊಳಿಸುವುದು ಉದ್ದೇಶ. ಅವರ ಒಪ್ಪಿಗೆಯ ಮೇರೆಗೆ ಎಂದು ನಿಯಮದಲ್ಲೇ ಬರೆದುಕೊಂಡಿದ್ದರು. ಮರು ತಿಂಗಳು ಫಿಲಡೆಲ್ಫಿಯಾದ ಬೆಥೆಲ್ ಚರ್ಚಿನಲ್ಲಿ ಸ್ವತಂತ್ರ ಕರಿಯರ ಸಭೆ ಸೇರಿತು. ಜನ ಮೂರು ಸಾವಿರದಷ್ಟು. ವೇದಿಕೆಯಲ್ಲಿದ್ದವರು ಅವರದೇ ನಾಯಕರು. ಹಡಗಿನ ಹಾಯಿ ಹೊಲಿಸುವ ಉದ್ಯಮದಲ್ಲಿ ಶ್ರೀಮಂತರಾದ ಜೇಮ್ಸ್ ಫಾರ್ಟನ್ ಅವರಲ್ಲೊಬ್ಬರು, ಆಫ್ರಿಕಕ್ಕೆ ಹೋಗುವ ವಿಚಾರದ ಕಡೆ ಒಲವಿದ್ದವರು. ಹೋಗಲು ಒಪ್ಪುವವರು ಹೇಳಿ ಎಂದಾಗ ಒಂದು ದನಿಯೂ ಏಳಲಿಲ್ಲ. ಒಪ್ಪದವರು ಹೇಳಿ ಎಂದಾಗ ಎದ್ದ ಒಂದೇ ಕೂಗಿಗೆ ಚರ್ಚಿನ ಗೋಡೆಗಳು ಬಿದ್ದೇಹೋಗುತ್ತವೆಂದು ತೋರಿತಂತೆ. ಹೋಗಲು ಒಪ್ಪಿದವರು ಒಬ್ಬರೂ ಇರಲಿಲ್ಲ ಎಂದು ಫಾರ್ಟನ್ ತಮ್ಮ ಗೆಳೆಯ ಪಾಲ್ ಕಫಿಗೆ ಪತ್ರ ಬರೆದರು. ಒಪ್ಪಿಗೆ ಬೇಕು ಎಂದು ಬರೆದುಕೊಂಡವರಿಗೆ ಒಪ್ಪಿಗೆ ಇಲ್ಲ ಎಂಬ ಉತ್ತರ ಸಿಕ್ಕಿತ್ತು. ಫಾರ್ಟನ್ ಜನರ ಮಾತಿಗೆ ತಲೆಬಾಗಿದರು, ಮುಂದೆ ಆ ಸೊಸೈಟಿಯ ದೊಡ್ಡ ವಿರೋಧಿಯಾದರು. ನಾಯಕನೊಬ್ಬ ಜನರ ‘ಬೇಡ’ವನ್ನು ಇಷ್ಟು ಗೌರವದಿಂದ ಕೇಳಿಸಿಕೊಂಡ ಪ್ರಸಂಗಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಒಲ್ಲೆ ಎನ್ನಲು ಜಾಗ ಕಡಿಮೆಯಿದ್ದವರೂ ಇದ್ದರು. ದಕ್ಷಿಣದ ಎಷ್ಟೋ ಜಮೀನ್ದಾರರು ಗುಲಾಮರನ್ನು ಬಿಡುಗಡೆ ಮಾಡಲು ಷರತ್ತು ಹಾಕುತ್ತಿದ್ದರು: ಆ ಸೊಸೈಟಿ ಆಫ್ರಿಕದಲ್ಲಿ ಕಟ್ಟಿದ ಲೈಬೀರಿಯಕ್ಕೆ ಹೋಗುವುದಾದರೆ ಸ್ವತಂತ್ರ. ವರ್ಜೀನಿಯಾದ ಕಲ್ಲುಕುಟಿಗ ಪೇಟನ್ ಸ್ಕಿಪ್‌ವಿತ್ 1833ರಲ್ಲಿ ಹೆಂಡತಿ ಲಿಡಿಯಾ ಮತ್ತು ಆರು ಮಕ್ಕಳೊಡನೆ ಹಾಗೆ ಹಡಗು ಹತ್ತಿದವನು. ಅಲ್ಲಿನ ಮನ್ರೋವಿಯಾದ ಜ್ವರ ಆ ಮನೆಯನ್ನು ಬಿಡಲಿಲ್ಲ. ಲಿಡಿಯಾ ಬಹಳ ಕಾಲ ಬದುಕಲಿಲ್ಲ. ಅವನು ತನ್ನ ಹಳೆಯ ಒಡೆಯನಿಗೆ ಬರೆದ ಪತ್ರಗಳು ಉಳಿದಿವೆ. 1978ರಲ್ಲಿ ಅವು ಪುಸ್ತಕವಾಗಿ ಬಂದವು. ಮೊದಲ ಪತ್ರಗಳಲ್ಲಿ ಸಂಕಟವೇ ಸಂಕಟ. ಬರಬರುತ್ತಾ ತಾನು ಬಂದದ್ದು ಸರಿಯೇ ಎನ್ನುವ ಧೈರ್ಯ ಮೂಡುತ್ತದೆ. ಒತ್ತಾಯದ ಬಾಗಿಲಿನಿಂದ ಹೊರಗೆ ಬಂದವನು ಆಮೇಲೆ ತನ್ನ ಬದುಕನ್ನು ತನ್ನದಾಗಿ ಮಾಡಿಕೊಂಡ. ಬಾಗಿಲು ನ್ಯಾಯವಾದದ್ದಲ್ಲ ಎನ್ನುವುದೂ ನಿಜ, ಅವನು ನಡೆದ ದಾರಿ ಅವನದೇ ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡು ಓದುವುದು ಕಷ್ಟದ ಕೆಲಸ.

ಕನ್ನಡದ ಓದುಗನಿಗೆ ಈ ಕಷ್ಟ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಅಂಗಳದಲ್ಲಿ ಗರುಡಗಂಬವಿದೆ. ಪ್ರವಾಸಿಗಳು ನಂದಿಯನ್ನು ನೋಡಿ, ಗೋಡೆಯ ಶಿಲ್ಪಗಳ ಫೋಟೊ ತೆಗೆದು, ಇದನ್ನು ದಾಟಿ ಹೋಗುತ್ತಾರೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಕೊಟ್ಟ ಮಾತಿನಂತೆ ಒಡೆಯನೊಡನೆ ಪ್ರಾಣ ಬಿಟ್ಟ. ಹೆಂಡತಿ ಸುಗ್ಗಲದೇವಿಯೂ, ಅವನ ಜೊತೆಯ ವೀರರೂ ಹಾಗೆಯೇ ಹೋದರು. ಕಂಬದ ಮೇಲೆ ಸಾಲಾಗಿ ಪುಟ್ಟ ಪುಟ್ಟ ವೀರರು, ಕೈಯಲ್ಲಿ ಕತ್ತಿ. ಸುತ್ತ ಹಳಗನ್ನಡದ ಪದ್ಯಗಳು. ಶಾಸನಕವಿಯ ದನಿಯಲ್ಲಿ ದುಃಖವಿಲ್ಲ, ಸಂಭ್ರಮವಿದೆ. ಒಡೆಯನಿಗೂ ಅವನಿಗೂ ಭೇದವೇ ಇರಲಿಲ್ಲವೆಂಬಂತೆ ಅವನು ಹಾಡುತ್ತಾನೆ. ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥ ಮೂರು ಕಂಬಗಳಿವೆ, ತುದಿಯಲ್ಲಿ ಕಲ್ಲಿನ ಆನೆ. ಒಂದೇ ಮನೆತನದವರು ತಲೆಮಾರಿನ ಮೇಲೆ ತಲೆಮಾರು ಹೊಯ್ಸಳ ದೊರೆಗಳ ಗರುಡರಾಗಿ, ಅಂದರೆ ಒಡೆಯನೊಡನೆ ಸಾಯುವ ಭಾಷೆಯಿಟ್ಟವರಾಗಿ, ಪ್ರಾಣ ಕೊಟ್ಟ ಕಥೆ ಅಲ್ಲಿದೆ.

ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಈ ಕಂಬಗಳ ಪಕ್ಕ ಇಟ್ಟುಕೊಂಡು ಓದಬೇಕು. ವೇಳೆವಾಳಿ, ಜೋಳವಾಳಿ, ಲೆಂಕವಾಳಿ ಎಂದು ಆ ಕಾಲದ ನಿಷ್ಠೆಗಳನ್ನು ಅವರು ಎಳೆ ಎಳೆಯಾಗಿ ಬಿಡಿಸುತ್ತಾರೆ. ಜೋಳವಾಳಿ ಎಂದರೆ ಉಂಡ ಅನ್ನದ ಋಣಕ್ಕೆ ಪ್ರಾಣ ಒತ್ತೆ. ವೇಳೆವಾಳಿ ಎಂದರೆ ಹೊತ್ತು ಬಂದಾಗ ಪ್ರಾಣ ಕೊಡುತ್ತೇನೆಂದು ಮೊದಲೇ ಇಟ್ಟ ಭಾಷೆ. ಟಿಟ್ಮಸ್ ಎಂಟು ಬಗೆ ಮಾಡುವುದಕ್ಕೆ ನಾಲ್ಕು ವರ್ಷ ಮುಂಚೆ ಕನ್ನಡದ ವಿದ್ವಾಂಸರೊಬ್ಬರು ಕಲ್ಲಿನ ಅಕ್ಷರಗಳಿಂದ ಒಪ್ಪಿಗೆಯ ಬಗೆಗಳನ್ನು ಬೇರ್ಪಡಿಸುತ್ತಿದ್ದರು! ಇಬ್ಬರಿಗೂ ಪರಸ್ಪರರ ಕೆಲಸದ ಸುಳಿವು ಇದ್ದಿರಲಾರದು. ಗರುಡನ ಮಗ ಗರುಡನಾಗುವಾಗ ಅವನಿಗೆ ಒಲ್ಲೆ ಎನ್ನುವ ಜಾಗವಿತ್ತೇ? ಅಪ್ಪ, ಅಜ್ಜ ಹಾಗೆ ಹೋದವರು, ಮನೆಗೆ ಬಂದ ಭೂಮಿ ಆ ಭಾಷೆಯ ಮೇಲೆ ಬಂದದ್ದು, ಊರಿನ ಕಂಬದ ಮೇಲೆ ಹೆಸರಿಗೆ ಜಾಗ ಕಾದಿದೆ. ಶಾಸನಕವಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಅವನ ಪದ್ಯಗಳು ಸುಂದರವಾಗಿವೆ, ಕಂಬದ ಕೆತ್ತನೆ ಸುಂದರವಾಗಿದೆ. ಆ ಸೌಂದರ್ಯ ಒಂದು ಸಾವನ್ನು ಪೂರ್ತಿ ಸ್ವಂತದ್ದೆಂದು ಕಾಣಿಸಲೆಂದೇ ಕಡೆದದ್ದು. ಅದಕ್ಕೆ ಮನಸೋಲುತ್ತಲೇ ಅದು ಏನನ್ನು ಮುಚ್ಚುತ್ತಿದೆ ಎಂದೂ ನೋಡಬೇಕು. ಸುಗ್ಗಲದೇವಿಯ ಮಾತು ಕಂಬದಲ್ಲಿ ಎಲ್ಲೂ ಇಲ್ಲ ಎನ್ನುವುದು ನನ್ನನ್ನು ಕಾಡುತ್ತದೆ. ಅವಳ ಒಪ್ಪಿಗೆಯನ್ನು ಬೇರೆಯವರು ಬರೆದಿದ್ದಾರೆ.

ಈಗ ಮತ್ತೆ ರಕ್ತಕ್ಕೆ ಬರುತ್ತೇನೆ. ಒಂದು ಕಾಲದಲ್ಲಿ ನಮ್ಮ ದೇಶದಲ್ಲೂ ರಕ್ತ ಮಾರಿ ಬದುಕುವವರಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ‘ಕಾಮನ್ ಕಾಸ್’ ಪ್ರಕರಣದಲ್ಲಿ ತೀರ್ಪು ಕೊಟ್ಟು, ಎರಡು ವರ್ಷದೊಳಗೆ ಅದು ನಿಲ್ಲಬೇಕೆಂದಿತು. 1998ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. ಒಳ್ಳೆಯದೇ ಆಯಿತು. ಆದರೆ ಮಾರುವವನು ಹೋದ ಜಾಗಕ್ಕೆ ಎಷ್ಟೋ ಕಡೆ ಬಂದವರು ರೋಗಿಯ ಬಂಧುಗಳು. ‘ಎರಡು ಯೂನಿಟ್ ಬೇಕು, ಇಬ್ಬರನ್ನು ಕರ್ಕೊಂಡು ಬನ್ನಿ’ ಎಂಬ ಮಾತನ್ನು ಆಸ್ಪತ್ರೆಯ ಹೊರಗೆ ನಿಂತವರೆಲ್ಲ ಕೇಳಿದ್ದಾರೆ. ಆಗ ಫೋನುಗಳು ಓಡಾಡುತ್ತವೆ: ಭಾವಮೈದ, ಚಿಕ್ಕಪ್ಪನ ಮಗ, ಅವನ ರೂಮ್‌ಮೇಟ್. ಬಂದವನು ‘ನಂಗೆ ಸೂಜಿ ಅಂದ್ರೆ ಭಯ ಭಾವ’ ಅನ್ನಲಾರ. ಅಂದರೆ ಮುಂದಿನ ಹಬ್ಬಕ್ಕೆ ಮುಖ ತೋರಿಸುವುದು ಹೇಗೆ? ಅವನೊಳಗೂ ಪ್ರೀತಿಯಿದೆ, ಆತಂಕವಿದೆ. ಕೊಟ್ಟ ರಕ್ತ ಜೀವ ಉಳಿಸುತ್ತದೆ. ಹಾಗೆಂದು ಅವನನ್ನು ಎಂಟನೆಯವನ ಪಕ್ಕ ಕೂರಿಸಲು ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಬೇಡ ಎನ್ನಲಾಗದವನು ತನ್ನ ಕಾಯಿಲೆಯನ್ನು ಹೇಳಿಕೊಳ್ಳುವುದೂ ಕಷ್ಟ. ಕಳೆದ ವರ್ಷ ಕಾಮಾಲೆ ಆಗಿತ್ತೇ ಎಂಬ ಪ್ರಶ್ನೆಗೆ ಸತ್ಯ ಹೇಳಲು ಅವನಿಗೆ ಧೈರ್ಯ ಸಾಲದಿರಬಹುದು. ಒಲ್ಲೆ ಎನ್ನುವ ಜಾಗ ನೀತಿಯ ವಿಷಯ ಮಾತ್ರವಲ್ಲ, ರಕ್ತದ ಶುದ್ಧಿಯ ವಿಷಯವೂ ಹೌದು. ಟಿಟ್ಮಸ್ ಹಣದ ಬಗ್ಗೆ ಹೇಳಿದ್ದೂ ಇದನ್ನೇ: ದುಡ್ಡಿನ ಗರಜು ಇರುವವನಿಗೆ ಸುಳ್ಳು ಹೇಳುವ ಕಾರಣವಿದೆ, ತಾನಾಗಿ ಬಂದವನಿಗೆ ಇಲ್ಲ.

ಕಾಲೇಜಿನ ರಕ್ತದಾನ ಶಿಬಿರಗಳಿಗೆ ಹೋದವರು ಒಂದು ಚಿಕ್ಕ ಗಾಜಿನ ಲೋಟ ನೋಡಿರುತ್ತಾರೆ. ಅದರೊಳಗೆ ನವಿಲಿನ ಕೊರಳಿನ ನೀಲಿ, ಮೈಲುತುತ್ತದ ದ್ರಾವಣ. ಬೆರಳ ತುದಿ ಚುಚ್ಚಿ ಒಂದು ಹನಿ ಅದರೊಳಗೆ ಬಿಡುತ್ತಾರೆ. ಹನಿ ಒಂದು ಕ್ಷಣ ತಡೆದು, ದುಂಡಗೆ ಕೆಂಪಗೆ ಕೆಳಗಿಳಿದರೆ ರಕ್ತದಲ್ಲಿ ಕಬ್ಬಿಣದ ಬಲವಿದೆ, ಹಿಮೋಗ್ಲೋಬಿನ್ 12.5 ದಾಟಿದೆ. ತೇಲಿದರೆ ‘ಮುಂದಿನ ಸಲ ನೋಡೋಣ’ ಎನ್ನುತ್ತಾರೆ. ಆ ಸಾಲಿನಲ್ಲಿ ನಿಂತ ಹುಡುಗಿಯರಲ್ಲಿ ಎಷ್ಟೋ ಜನರ ಹನಿ ತೇಲುತ್ತದೆ. ಅವರ ಮುಖ ಸಪ್ಪಗಾಗುವುದನ್ನು ಗಮನಿಸಿದ್ದೀರಾ? ಸೂಜಿಯಿಂದ ತಪ್ಪಿಸಿಕೊಂಡ ನಿರಾಳ ಅಲ್ಲಿ ಕಾಣುವುದಿಲ್ಲ. ಕೊಡಲು ಬಂದದ್ದನ್ನು ಕೊಡದೆ ಹೋಗುವ ಬೇಸರ ಕಾಣುತ್ತದೆ. ಹನಿ ಇಳಿದವರು ಮಲಗಿ, ಅಂಗೈಯ ಸ್ಪಂಜಿನ ಚೆಂಡು ಹಿಸುಕುತ್ತಾ 350 ಮಿಲಿಲೀಟರಿನ ಚೀಲ ತುಂಬುವುದನ್ನು ಓರೆಗಣ್ಣಿನಿಂದ ನೋಡುತ್ತಾರೆ. ಆಮೇಲೆ ಬಿಸ್ಕತ್ತು, ಹಣ್ಣಿನ ರಸ, ಒಂದು ಪ್ರಮಾಣಪತ್ರ. ಇಂಟರ್ನಲ್ ಮಾರ್ಕ್ಸ್, ಎನ್‌ಎಸ್‌ಎಸ್‌ನ ಹಾಜರಿ, ಗೆಳತಿಯ ಒತ್ತಾಯ ಎಲ್ಲವೂ ಇದ್ದೀತು. ಆದರೂ ಆ ಸಪ್ಪಗಾದ ಮುಖವನ್ನು ಯಾವ ಹಾಜರಿ ಪಟ್ಟಿಯೂ ವಿವರಿಸುವುದಿಲ್ಲ.

ದೆಹಲಿಯ ಶಿಬಿರಗಳಲ್ಲಿ ದೀರ್ಘಕಾಲ ಓಡಾಡಿ ಮಾನವಶಾಸ್ತ್ರಜ್ಞ ಜೇಕಬ್ ಕೋಪ್‌ಮನ್ ‘ವೇನ್ಸ್ ಆಫ್ ಡಿವೋಶನ್’ ಎಂಬ ಪುಸ್ತಕ ಬರೆದಿದ್ದಾರೆ, 2009ರದ್ದು. ನಿರಂಕಾರಿಗಳಂಥ ಪಂಥಗಳ ಭಕ್ತರು ಗುರುವಿನ ಹೆಸರಿನಲ್ಲಿ ಗುಂಪುಗುಂಪಾಗಿ ಬಂದು ರಕ್ತ ಕೊಡುವುದನ್ನು ಅವರು ಬಣ್ಣಿಸುತ್ತಾರೆ. ಗುರುವಿನ ಮಾತಿಗೆ ಬಂದವರು ತಾವಾಗಿ ಬಂದವರೇ? ಕೋಪ್‌ಮನ್ ಅವಸರದ ತೀರ್ಪು ಕೊಡದೆ ಭಕ್ತರ ಮಾತನ್ನೇ ಆಲಿಸುತ್ತಾರೆ. ಗುರು ಹೇಳಿದ್ದರಿಂದಲೇ ಅದು ತಮ್ಮ ಇಚ್ಛೆಯಾಯಿತು ಎನ್ನುವವರ ಲೋಕ ಟಿಟ್ಮಸ್‌ರ ಲೋಕಕ್ಕಿಂತ ಬೇರೆ. ಆ ಬೇರೆತನಕ್ಕೂ ಈ ವಿದ್ವತ್ತಿನಲ್ಲಿ ಜಾಗವಿದೆ.

ಟಿಟ್ಮಸ್ ಎಲ್ಲವನ್ನೂ ಸರಿಯಾಗಿ ಕಂಡರೆಂದೇನಲ್ಲ. ಬ್ರಿಟನ್ನಿನ ದಾನದ ರಕ್ತದ ಬಗ್ಗೆ ಅವರಿಗೆ ತುಸು ಹೆಚ್ಚೇ ಹೆಮ್ಮೆಯಿತ್ತು. 1970 ಮತ್ತು 80ರ ದಶಕಗಳಲ್ಲಿ ಕುಸುಮರೋಗಿಗಳಿಗೆಂದು ಬ್ರಿಟನ್ ಅಮೆರಿಕದಿಂದ ತರಿಸಿಕೊಂಡ ಔಷಧದಲ್ಲಿ ದುಡ್ಡಿಗೆ ಕೊಂಡ ರಕ್ತದ ಅಂಶವಿತ್ತು. ಬ್ರಿಟನ್ನಿನ ಜೈಲುಗಳಲ್ಲೂ 1984ರವರೆಗೆ ಕೈದಿಗಳಿಂದ ರಕ್ತ ಪಡೆಯುತ್ತಿದ್ದರು. ಎಚ್‌ಐವಿ, ಹೆಪಟೈಟಿಸ್ ಸೋಂಕು ತಗುಲಿದವರು ಸುಮಾರು 30,000 ಮಂದಿ ಎಂದು 2024ರ ಮೇ ತಿಂಗಳಿನಲ್ಲಿ ಸರ್ ಬ್ರಯಾನ್ ಲ್ಯಾಂಗ್‌ಸ್ಟಾಫ್ ಅವರ ವಿಚಾರಣಾ ವರದಿ ಹೇಳಿತು. ಸತ್ತವರು ಸಾವಿರಾರು. ಟಿಟ್ಮಸ್‌ರ ಎಚ್ಚರಿಕೆ ಅವರ ದೇಶದಲ್ಲೇ ಕಿವಿಗೆ ಬೀಳಲಿಲ್ಲ. 1973ರಲ್ಲಿ ತೀರಿಕೊಂಡ ಅವರು ಇದನ್ನು ನೋಡಲಿಲ್ಲ. ಕೊನೆಯ ದಿನಗಳಲ್ಲಿ ಕ್ಯಾನ್ಸರಿನ ಚಿಕಿತ್ಸೆಗೆ ಹೋಗುತ್ತಿದ್ದಾಗ ತಮ್ಮ ಜೊತೆ ಸರದಿಯಲ್ಲಿ ಕೂರುತ್ತಿದ್ದ ಟ್ರಿನಿಡಾಡಿನ ಒಬ್ಬ ತರುಣನ ಬಗ್ಗೆ ಅವರು ಬರೆದಿಟ್ಟಿದ್ದಾರೆ. ಯಾರ ಸರದಿ ಮೊದಲು ಎನ್ನುವುದು ಲಂಡನ್ನಿನ ಟ್ರಾಫಿಕ್ಕಿನ ಮೇಲೆ ನಿಂತಿತ್ತು, ಬಣ್ಣ ಅಥವಾ ಅಂತಸ್ತಿನ ಮೇಲಲ್ಲ ಎಂದು. ಪ್ರಾಧ್ಯಾಪಕರಿಗೆ ಅದರಲ್ಲಿ ಎಷ್ಟು ತೃಪ್ತಿ!

ಅರ್ಥಶಾಸ್ತ್ರಜ್ಞರು ಅವರನ್ನು ಸುಮ್ಮನೆ ಬಿಡಲಿಲ್ಲ. 1972ರಲ್ಲಿ ಕೆನೆತ್ ಆರೋ ಗೌರವದಿಂದಲೇ ಒಂದು ಪ್ರಶ್ನೆ ಎತ್ತಿದರು: ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆಯೂ ಇದ್ದರೆ ಒಂದು ಆಯ್ಕೆ ಹೆಚ್ಚಾದಂತಾಯಿತು, ಪುಕ್ಕಟೆ ಕೊಡುವವನ ಕೈಯನ್ನು ಅದು ಹೇಗೆ ಹಿಡಿದೀತು? ಪ್ರಶ್ನೆ ಗಟ್ಟಿಯಾದದ್ದು. ಮರುವರ್ಷ ತತ್ವಜ್ಞಾನಿ ಪೀಟರ್ ಸಿಂಗರ್ ಟಿಟ್ಮಸ್ ಪರವಾಗಿ ಉತ್ತರ ಬರೆದರೂ ಪ್ರಶ್ನೆ ಜೀವಂತವಾಗಿಯೇ ಉಳಿಯಿತು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅವಲೋಕನವಂತೂ ಕಾಣಿಕೆ, ಕೂಪನ್‌ಗಳು ಹೆಚ್ಚಿನ ಕಡೆ ದಾನಿಗಳನ್ನು ಹೆಚ್ಚಿಸಿದವು ಎಂದೇ ತೋರಿಸಿತು. ಅದನ್ನು ಮರೆಮಾಚಿ ಟಿಟ್ಮಸ್‌ರನ್ನು ಹೊಗಳುವುದು ಸರಿಯಲ್ಲ.

ಅದರ ಪಕ್ಕದಲ್ಲೇ ಇಡಬೇಕಾದದ್ದು 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗ. ನಡೆಸಿದವರು ಕಾರ್ಲ್ ಮೆಲ್‌ಸ್ಟ್ರೋಮ್ ಮತ್ತು ಮ್ಯಾಗ್ನಸ್ ಯೊಹಾನೆಸನ್. ರಕ್ತದಾನಿಯಾಗಲು ಆರೋಗ್ಯ ತಪಾಸಣೆಗೆ ಬರುತ್ತೀರಾ ಎಂದು ಗೊಥೆನ್‌ಬರ್ಗ್‌ನ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಕೇಳಿದರು. ಒಂದು ಗುಂಪಿಗೆ ಏನೂ ಇಲ್ಲ. ಇನ್ನೊಂದಕ್ಕೆ 50 ಕ್ರೋನ. ಮೂರನೆಯ ಗುಂಪಿಗೂ 50 ಕ್ರೋನ, ಆದರೆ ಬೇಕಿದ್ದರೆ ಆ ಹಣವನ್ನು ಧರ್ಮಕಾರ್ಯಕ್ಕೆ ಕೊಟ್ಟುಬಿಡಬಹುದು. ಗಂಡಸರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಂಗಸರಲ್ಲಿ ಹಣದ ಮಾತು ಬಂದದ್ದೇ ಒಪ್ಪುವವರು ಹೆಚ್ಚುಕಡಿಮೆ ಅರ್ಧದಷ್ಟು ಇಳಿದುಬಿಟ್ಟರು. ಆರೋ ಅವರ ಪ್ರಶ್ನೆಗೆ ಅಲ್ಲೊಂದು ಉತ್ತರವಿದೆ. ನನಗೆ ಅದಕ್ಕಿಂತ ರುಚಿಸುವುದು ಮೂರನೆಯ ಗುಂಪು. ಆ ಐವತ್ತು ಕ್ರೋನವನ್ನು ‘ನನಗೆ ಬೇಡ’ ಎನ್ನುವ ದಾರಿ ತೆರೆದಿಟ್ಟದ್ದೇ ತಡ, ಹೆಂಗಸರ ಒಪ್ಪಿಗೆ ಮೊದಲಿದ್ದ ಮಟ್ಟಕ್ಕೆ ಮರಳಿತು.